ಹೊಗೆ ಪೆನ್ನು ತೊಳೆಯುತ್ತಿದ್ದ ಫರಹೀನ

ಆಳಂದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಚಹಾದಂಗಡಿ. ನನ್ನ ಹೆಸರು ಚಂದ್ರಾಮಪ್ಪ. ನನಗೆ ಸಿಟ್ಟು ಜಾಸ್ತಿ, ಅದು ಊರಿಗೆಲ್ಲ ಗೊತ್ತು. ಸೇರದವರು ಮುಂದಿನ ಅಂಗಡಿಗೆ ಹೋಗಿ ನೀರು ಚಹಾ ಕುಡಿಯಲಿ, ನನಗೇನು! ಆದರೆ ನನ್ನ ಪಕ್ಕದ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ ಫರಹೀನಳ ಸಿಟ್ಟಿನ ಮುಂದೆ ನನ್ನದು ಏನೇನೂ ಅಲ್ಲ. ಆಕೆಯ ಬಗ್ಗೆ ಈಗ ಊರು ಬಾಯಿಗೆ ಬಂದದ್ದು ಮಾತಾಡುತ್ತಿದೆ. ಕಣ್ಣಾರೆ ನೋಡಿದವನು ನಾನು. ನನ್ನ ಬಾಯಿಂದ ಒಮ್ಮೆ ಸರಿಯಾಗಿ ಕೇಳಿಬಿಡಿ.

ಆಕೆಯ ಅಪ್ಪ ಇದೇ ಊರಲ್ಲಿ ಸೀಮೆಎಣ್ಣೆ ಸ್ಟೋವು, ಪೆಟ್ರೊಮ್ಯಾಕ್ಸ್ ರಿಪೇರಿ ಮಾಡುತ್ತಿದ್ದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರ್ನರಿನ ತೂತಿಗೆ ಪಿನ್ನು ಹಾಕುವುದನ್ನು ಕಲಿಸಿದ. ದೊಡ್ಡವಳಾದ ಮೇಲೆ ಅಫಜಲಪುರಕ್ಕೆ ಮದುವೆ ಮಾಡಿ ಕೊಟ್ಟ. ಗಂಡನೆಂಬವನು ದಿನಾ ಹೊಡೆಯುತ್ತಿದ್ದ. ಒಂದು ದಿನ ಆಕೆಯ ಎಡಗೈ ಕಿರುಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದ. ಆಕೆ ಕೂಗಲಿಲ್ಲ. ಮಸಾಲೆ ಅರೆಯುವ ಗುಂಡು ಎತ್ತಿ ಅವನ ಮೊಣಕಾಲ ಮೇಲೆ ಹಾಕಿದಳು. ಬೆರಳಿಗೆ ಓಢಣಿಯ ತುಂಡು ಸುತ್ತಿಕೊಂಡು, ಅಪ್ಪ ಕೊಟ್ಟಿದ್ದ ರಿಪೇರಿ ಹತ್ಯಾರದ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಆ ಬೆರಳು ಸೊಟ್ಟಾಗಿಯೇ ಉಳಿಯಿತು, ಗಂಡನೂ ಕುಂಟನಾಗಿಯೇ ಉಳಿದ. ಇಬ್ಬರೂ ಮತ್ತೆ ಮುಖ ನೋಡಲಿಲ್ಲ.

ಅಂಗಡಿ ಅಂದರೆ ಒಂದು ಕಪಾಟಿನಷ್ಟು ಜಾಗ. ಅದರಲ್ಲಿ ಆಕೆ, ಒಂದು ಮೇಜು, ಒಂದು ಮೀಟರು, ಬಿಸಿಯಾಗಿ ಹೊಗೆಯಾಡುವ ಸೋಲ್ಡರಿಂಗ್ ಕಡ್ಡಿ. ಒಮ್ಮೆ ಒಬ್ಬ ಗಂಡಸು ಯಾವುದೋ ಹುಡುಗಿಯ ಫೋನ್ ತಂದು, ಒಳಗಿನ ಫೋಟೋ ತೆಗೆದುಕೊಡು ಅಂದ. ಫರಹೀನ ಎದ್ದವಳೇ ಅವನ ಜುಟ್ಟು ಹಿಡಿದು ಶಟರಿಗೆ ಅವನ ಹಣೆ ಚಚ್ಚಿದಳು. ಒಂದು ಸಲವಲ್ಲ, ಅವನು ಕೆಳಗೆ ಕೂರುವವರೆಗೂ ಚಚ್ಚಿದಳು. ನಾನೇ ಹೋಗಿ ಬಿಡಿಸಿದೆ. "ಸಾಯ್ತಾನಬೇ, ಬಿಡು!" ಅಂದೆ. "ಸಾಯ್ಲಿ ಬಿಡ್ರಿ ಕಾಕಾ," ಅಂದಳು. ಆ ಫೋನನ್ನು ತಾನೇ ಒಯ್ದು ಆ ಹುಡುಗಿಯ ಮನೆಗೆ ಮುಟ್ಟಿಸಿ ಬಂದಳು.

ಈ ಹೊಗೆ ಪೆನ್ನು ನಮ್ಮ ಊರಿಗೆ ಬಂದದ್ದು ಸೊಲ್ಲಾಪುರದ ಕಡೆಯಿಂದ. ಕಾಲೇಜು ಹುಡುಗರು ವೇಪ್ ಅಂತಾರೆ. ಬೆಂಕಿ ಇಲ್ಲ, ಬೂದಿ ಇಲ್ಲ; ಗುಂಡಿ ಒತ್ತಿ ಎಳೆಯುವುದು, ಮುಖ ಕಾಣದಷ್ಟು ಹೊಗೆ ಬಿಡುವುದು. ಥೂ! ಹಣ್ಣಿನ ವಾಸನೆ ಬೇರೆ. ಸರಕಾರ ಇದರ ಮಾರಾಟ ಬಂದ್ ಮಾಡಿದೆ. ಹಾಗಾಗಿ ಕೆಟ್ಟರೆ ರಿಪೇರಿ ಮಾಡುವವರೂ ಇಲ್ಲ, ಬಿಡಿಭಾಗವೂ ಸಿಗುವುದಿಲ್ಲ. ಸೇದುವವರು ಕದ್ದು ಮುಚ್ಚಿ ಫರಹೀನಳ ಹತ್ತಿರ ಬರತೊಡಗಿದರು.

"ಪೊಲೀಸರು ಬಂದ್ರ ಏನ್ ಹೇಳ್ತೀಬೇ?" ಅಂತ ನಾನು ಗದರಿದೆ.

"ನಾ ಮಾರಾಕತ್ತಿಲ್ಲ ಕಾಕಾ, ತೊಳಿಯಾಕತ್ತೇನಿ," ಅಂದಳು. "ಸ್ಟೋದ ಬರ್ನರ್ ಇದ್ದಂಗೇ ಅದ ಇದು. ನಮ್ಮಪ್ಪ ಇದ್ದಿದ್ರ ಕುಣೀತಿದ್ದ."

ನನಗೂ ತೋರಿಸಿದಳು. ಮೇಲೆ ರಸ ತುಂಬುವ ಸಣ್ಣ ಟ್ಯಾಂಕು. ಅದರೊಳಗೆ ಸುರುಳಿ ಸುತ್ತಿದ ತಂತಿ, ಅದಕ್ಕೆ ಕಾಯಿಲ್ ಅಂತಾರೆ. ಕಾಯಿಲ್‌ನ ನಡುವೆ ಹತ್ತಿ. ಹತ್ತಿ ರಸ ಹೀರಬೇಕು, ತಂತಿ ಕಾಯಬೇಕು, ರಸ ಹೊಗೆಯಾಗಬೇಕು, ಇಷ್ಟೇ ಅದರ ಕತೆ. ರಸ ಸೋರಿದರೆ ರಬ್ಬರಿನ ಉಂಗುರ ಹೋಗಿದೆ. ಗುಳುಗುಳು ಸದ್ದು ಬಂದರೆ ರಸ ಹೆಚ್ಚಾಗಿದೆ. ಹೊಗೆಯೇ ಬರದಿದ್ದರೆ ಬ್ಯಾಟರಿ ತಾಗುವ ಜಾಗದಲ್ಲಿ ಜಿಡ್ಡು ಕಟ್ಟಿದೆ. ಸುಟ್ಟ ವಾಸನೆ ಬಂದರೆ ಹತ್ತಿ ಒಣಗಿದೆ, ಎಳೆಯುವುದನ್ನು ಆಗಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಗಂಟಲು ಸುಡುತ್ತದೆ. ಆಕೆ ಟ್ಯಾಂಕನ್ನು ಬಿಸಿನೀರಲ್ಲಿ ತೊಳೆಯುವಳು, ಹಳೆ ಹತ್ತಿ ಕಿತ್ತು ಕಾಯಿಲ್ ಕೆಂಪಗೆ ಕಾಯಿಸಿ ಕರಿ ಉದುರಿಸುವಳು, ಹೊಸ ಹತ್ತಿ ಪೋಣಿಸುವಳು. "ರಸ ಹಾಕಿದ ಕೂಡ್ಲೇ ಸೇದಬ್ಯಾಡ್ರಿ, ಹತ್ತಿ ನೆನೀಲಿ," ಅಂತ ಎಲ್ಲರಿಗೂ ಬೈದು ಹೇಳುವಳು. ಯಾರು ಕೇಳುತ್ತಾರೆ?

ಹತ್ತಿ ಕೊಡುತ್ತಿದ್ದವಳು ಹಣಮವ್ವ. ನರೋಣಾದ ಮುದುಕಿ, ಗಂಡ ಮಕ್ಕಳು ಯಾರೂ ಇಲ್ಲ. ದಿನಾ ಬಸ್ಸಿಗೆ ಬಂದು ನಮ್ಮಿಬ್ಬರ ಅಂಗಡಿಯ ನಡುವಿನ ಗೋಡೆಗೆ ಒರಗಿ ಕೂತು ದೀಪದ ಬತ್ತಿ, ಊದಿನಕಡ್ಡಿ ಮಾರುವಳು. ಮೆಡಿಕಲ್ ಅಂಗಡಿಯ ಹತ್ತಿಗೆ ಔಷಧದ ವಾಸನೆ ಬರುತ್ತದೆಂದು ಫರಹೀನ ಈ ಮುದುಕಿಯಿಂದ ಹಿಂಜಿದ ಅರಳೆ ಕೊಳ್ಳುತ್ತಿದ್ದಳು. ಇಬ್ಬರದೂ ಜೀವಕ್ಕೆ ಜೀವ. ಮಧ್ಯಾಹ್ನ ಒಬ್ಬಳ ರೊಟ್ಟಿಗೆ ಇನ್ನೊಬ್ಬಳ ಪಲ್ಯ. ಚಳಿಗಾಲದಲ್ಲಿ ಫರಹೀನಳ ಸೊಟ್ಟ ಬೆರಳು ನೋಯುತ್ತಿತ್ತು. ಮುದುಕಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾ, ಆ ಗಂಡನ ಏಳು ತಲೆಮಾರಿಗೆ ಬೈಯುವಳು. "ನನ್ನ ಹೊಟ್ಯಾಗ ಹುಟ್ಟಬೇಕಿತ್ತು ಇಕಿ," ಅನ್ನುವಳು.

ಪರಮೇಶ ಅಂತ ಒಬ್ಬನಿದ್ದಾನೆ, ರಸ್ತೆಗೆ ಹಾಕುವ ಮುರುಮು ಮಣ್ಣು ಹೊಡೆಯುವ ಟಿಪ್ಪರುಗಳ ಮಾಲೀಕ. ಮಾತಿಗಿಂತ ಮೊದಲು ಕೈ ಬರುವ ಮನುಷ್ಯ. ಚಹಾ ತಡವಾಯಿತೆಂದು ನನ್ನ ಅಂಗಡಿಯ ಗಾಜಿನ ಬರಣಿಗಳನ್ನೆಲ್ಲ ಒಮ್ಮೆ ಒಡೆದು ಹೋಗಿದ್ದ. ಅವನ ಹತ್ತಿರ ಹಿಡಿ ಗಾತ್ರದ ಹೊಗೆ ಪೆನ್ನು. ಒಂದು ಸಂಜೆ ಬಂದು, ಸುಟ್ಟ ವಾಸನೆ ಬರುತ್ತದೆ, ಈಗಲೇ ಮಾಡಿಕೊಡು ಅಂತ ತಲೆಯ ಮೇಲೆ ನಿಂತ. ಫರಹೀನ ತೊಳೆದಳು, ಕಾಯಿಸಿದಳು, ಕಾಯಿಲ್ ಮೇಲಿನ ಧೂಳು ಬಾಯಿಂದ ಊದಿದಳು. ನೋಡಿದರೆ ಹಿಂಜಿದ ಅರಳೆ ಮುಗಿದಿದೆ. ಹಣಮವ್ವ ಬುಟ್ಟಿಯಿಂದ ಹೊಸೆದ ಉದ್ದ ಬತ್ತಿ ಕೊಟ್ಟಳು. ಕಾಯಿಲ್‌ನ ತೂತಿಗೆ ಅಳತೆ ಮಾಡಿಸಿದ ಹಾಗೆ ಅದು ಕೂತಿತು. ಫರಹೀನ ಅದನ್ನೇ ಪೋಣಿಸಿ ಕೊಟ್ಟಳು.

ಅಲ್ಲೇ ಕೆಟ್ಟದ್ದು. ದೀಪದ ಬತ್ತಿ ಹೊಸೆಯುವಾಗ ಬೆರಳು ಜಾರಬಾರದೆಂದು ನಮ್ಮ ಹೆಂಗಸರು ವಿಭೂತಿ ಹಚ್ಚಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಅದು ಯಾರೂ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಫರಹೀನಳ ಮನೆಯಲ್ಲಿ ಬತ್ತಿ ಹೊಸೆಯುವವರು ಯಾರಿದ್ದಾರೆ, ಆಕೆಗೆ ಹೇಗೆ ಗೊತ್ತಾಗಬೇಕು? ಬಿಗಿಯಾಗಿ ಹೊಸೆದ ಬತ್ತಿ, ಮೇಲೆ ವಿಭೂತಿ. ಹತ್ತಿ ರಸ ಹೀರಲಿಲ್ಲ. ಒಣ ಹತ್ತಿ ಸುಟ್ಟಿತು, ಪರಮೇಶ ಎದೆ ತುಂಬ ಎಳೆದ. ಆ ಗಂಟಲು ಎಷ್ಟು ಉರಿದಿರಬೇಕು ಅಂತ ನೀವೇ ಲೆಕ್ಕ ಹಾಕಿ.

ಮರುದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಅವನ ಜೀಪು ಬಂದು ನಿಂತಿತು. ಇಳಿದವರು ಪರಮೇಶ ಮತ್ತು ಅವನ ಡ್ರೈವರ್ ಏಜಾಜ. ಪರಮೇಶನ ಧ್ವನಿ ಒಡೆದಿತ್ತು. ಟವೆಲ್ಲಿನ ಮೇಲೆ ರಕ್ತದ ಚುಕ್ಕೆ. ಹಿಂದಿನ ಸಂಜೆ ಪೆನ್ನು ಒಯ್ದ ಮೇಲೆಯೇ ಅವನ ಟಿಪ್ಪರೊಂದು ಸರಸಂಬಾ ರಸ್ತೆಯ ತಗ್ಗಿಗೆ ಉರುಳಿತ್ತು. ಓಡಿಸಿದವನು ಕುಡಿದಿದ್ದ ಅನ್ನುವುದು ಬೇರೆ ಮಾತು.

"ಇದರಾಗ ಏನ್ ಹಾಕೀದಿ?" ಅಂತ ಪೆನ್ನನ್ನು ಮೇಜಿನ ಮೇಲೆ ಒಗೆದ. "ಏಜಾಜ ಬಿಚ್ಚಿ ನೋಡ್ಯಾನ. ಬೂದಿ ಅದ ಒಳಗ!"

ಫರಹೀನ ಬಿಚ್ಚಿದಳು. ಬತ್ತಿಯನ್ನು ಬೆರಳಲ್ಲಿ ಉಜ್ಜಿದಳು, ಬಿಳಿ ಪುಡಿ ಹತ್ತಿತು. ಗೋಡೆಯ ಕಡೆ ತಿರುಗಿ ಕೂಗಿದಳು: "ಆಯಿ, ಬತ್ತಿಗಿ ಏನ್ ಹಚ್ಚೀದಿ?"

"ಇಬೂತಿ, ಮಗಳಾ," ಅಂದಳು ಹಣಮವ್ವ, ಕೈಯ ಕೆಲಸ ಬಿಡದೆ. "ಇಬೂತಿ ಇಲ್ದ ಬತ್ತಿ ಹೊಸ್ಯಾಕ ಬರ್ತದೇನ?"

ಫರಹೀನಳಿಗೆ ನಗು ಬಂತು. ದೋಷ ಸಿಕ್ಕಾಗ ಆಕೆಗೆ ಯಾವಾಗಲೂ ಹಾಗೆಯೇ. "ನೋಡ್ರಿ, ಇಷ್ಟೇ. ಆಯಿ ಬೆರಳಿಗಿ ಇಬೂತಿ ಹಚ್ಕೊಂಡು ಬತ್ತಿ ಹೊಸ್ದಾಳ, ಅದಕ್ಕ ಹತ್ತಿ ರಸ ಹೀರಿಲ್ಲ. ಬ್ಯಾರೆ ಹತ್ತಿ ಹಾಕ್ತೇನಿ, ನಿಮ್ಮ ಗಂಟಲು..."

ಪರಮೇಶ ಪೂರ್ತಿ ಕೇಳಲೇ ಇಲ್ಲ. "ಮುದುಕಿ ಬೂದಿ ಹಚ್ಯಾಳ! ಭಾನಾಮತಿ!" ಅಂತ ಒದರಿದ.

ಭಾನಾಮತಿ ಅಂದರೆ ಮಾಟ. ನಮ್ಮ ಸೀಮೆಯಲ್ಲಿ ಆ ಮಾತು ಒಮ್ಮೆ ಹೊರಬಿತ್ತೆಂದರೆ ಮನುಷ್ಯರು ಮನುಷ್ಯರಾಗಿ ಉಳಿಯುವುದಿಲ್ಲ. ಮಾಟ ಮಾಡಿದವಳ ಹಲ್ಲು ಕಿತ್ತರೆ ಮಂತ್ರ ನಾಲಿಗೆಯ ಮೇಲೆ ತಿರುಗುವುದಿಲ್ಲವಂತೆ, ಮಾಟ ಇಳಿಯುತ್ತದಂತೆ. ಯಾವ ಕತ್ತೆ ಹೇಳಿದ್ದೋ! ಪರಮೇಶ ಹೋಗಿ ಹಣಮವ್ವನ ಕೂದಲಿಗೆ ಕೈ ಹಾಕಿ ರಸ್ತೆಗೆ ಎಳೆದ. ಬುಟ್ಟಿ ಉರುಳಿ ಬತ್ತಿಗಳೆಲ್ಲ ಚರಂಡಿಗೆ ಬಿದ್ದವು. ಮುದುಕಿ "ಏನ್ ಮಾಡೀನೋ ತಮ್ಮಾ, ಏನ್ ಮಾಡೀನೋ" ಅನ್ನುತ್ತಿದ್ದಳು. ಏಜಾಜ ಫರಹೀನಳ ಮೇಜಿನ ಮೇಲಿನ ಇಕ್ಕಳವನ್ನೇ ಎತ್ತಿಕೊಂಡು ಓಡಿದ.

ಬಸ್ ಸ್ಟ್ಯಾಂಡಿನ ಮಂದಿ ಸುತ್ತ ನೆರೆದರು. ಎಲ್ಲ ಜಾತಿಯವರೂ ಇದ್ದರು, ಎಲ್ಲ ದೇವರ ಭಕ್ತರೂ ಇದ್ದರು. ಬಿಡಿಸಲು ಒಬ್ಬನಾದರೂ ಮುಂದೆ ಬರಬೇಕಲ್ಲ? "ಮುಂದಿನ ಹಲ್ಲು ಕೀಳ್ರಿ," ಅಂತ ಹಿಂದಿನಿಂದ ಯಾರೋ ಸಲಹೆ ಕೊಟ್ಟ. ಪರಮೇಶ ಮುದುಕಿಯ ಎದೆಯ ಮೇಲೆ ಮೊಣಕಾಲೂರಿ ದವಡೆ ಅದುಮಿದ. ಏಜಾಜ ಇಕ್ಕಳ ಹಾಕಿ ಮುಂದಿನ ಹಲ್ಲುಗಳನ್ನು ತಿರುವಿ ಕಿತ್ತ. ಆ ಸದ್ದು ನನಗೆ ಕೇಳಿಸಿತು. ಮುದುಕಿಯ ಬಾಯಿಂದ ರಕ್ತ ಗದ್ದಕ್ಕೆ, ಕೊರಳಿಗೆ, ಕುಪ್ಪಸಕ್ಕೆ ಇಳಿಯಿತು.

ಕುದಿಯುವ ಚಹಾದ ಪಾತ್ರೆಯನ್ನು ಎತ್ತಿ ಏಜಾಜನ ಬೆನ್ನಿಗೆ ಸುರಿದೆ. ಅವನು ಚೀರಿದ. ಅಷ್ಟರಲ್ಲಿ ಯಾರೋ ನನ್ನದೇ ಅಂಗಡಿಯ ಸ್ಟೂಲಿನಿಂದ ನನ್ನ ಭುಜಕ್ಕೆ ಬಾರಿಸಿದರು. ಎಲುಬು ಲಟಕ್ಕೆಂದಿತು, ನಾನು ನೆಲಕ್ಕೆ ಬಿದ್ದೆ. ಮುಂದಿನದನ್ನೆಲ್ಲ ನೋಡಿದ್ದು ಮಂದಿಯ ಕಾಲುಗಳ ಸಂದಿಯಿಂದ.

ಫರಹೀನ ಸೋಲ್ಡರಿಂಗ್ ಕಡ್ಡಿ ಹಿಡಿದು ನುಗ್ಗಿದಳು. ಪರಮೇಶನ ಮಣಿಕಟ್ಟಿಗೆ ಒತ್ತಿದಳು, ಚರ್ಮ ಸುಟ್ಟ ವಾಸನೆ ನನ್ನವರೆಗೆ ಬಂತು. ಅವನು ಒದ್ದ. ಆಕೆ ಹೋಗಿ ಶಟರಿಗೆ ಬಡಿದಳು. ತುಟಿ ಒಡೆಯಿತು. ಎದ್ದು ನಿಂತು ಕೂಗಿದಳು: "ಲೇ, ಅದು ಬರೇ ಇಬೂತಿ! ದೀಪದ ಬತ್ತಿ! ನಿಮ್ಮ ಮನಿ ಹೆಂಗಸರ್ನ ಕೇಳ್ರಿ, ಎಲ್ಲಾರೂ ಹಿಂಗೇ ಹೊಸೀತಾರ!" ಯಾರೂ ಕೇಳಲಿಲ್ಲ. ಇಬೂತಿ ಅಂದಷ್ಟೂ ಮಂದಿ ಬೂದಿ ಬೂದಿ ಅಂದರು. ಕೆಲವರ ಕೈಗೆ ಕಲ್ಲು ಬಂದಿದ್ದವು. ಏಜಾಜ ಹಲ್ಲು ಕಚ್ಚಿಕೊಂಡು ಮತ್ತೆ ಇಕ್ಕಳ ಹಿಡಿದ. ಇನ್ನೊಂದು ಗಳಿಗೆಯಾದರೆ ಹಣಮವ್ವ ಬದುಕುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಫರಹೀನಳಿಗೂ ಆಯಿತೆಂದು ಕಾಣುತ್ತದೆ.

ಆಕೆ ಕೂಗುವುದನ್ನು ನಿಲ್ಲಿಸಿದಳು. ಮೇಜಿನ ಮೇಲಿನ ಹೊಗೆ ಪೆನ್ನನ್ನು ಕೈಗೆತ್ತಿಕೊಂಡಳು, ಅದೇ ಸುಟ್ಟ ಬತ್ತಿ ಇದ್ದದ್ದು. ಮೇಲಿನ ಭಾಗ ತಿರುವಿ ಕೂಡಿಸಿದಳು. ಓಢಣಿ ಜಾರಿತ್ತು, ಕೂದಲು ಬಿಚ್ಚಿತ್ತು, ಗದ್ದದ ಮೇಲೆ ರಕ್ತ. ಮಂದಿಯ ನಡುವೆ ನಡೆದು ಬಂದು ಸಣ್ಣ ಧ್ವನಿಯಲ್ಲಿ ಅಂದಳು:

"ಅಕಿನ್ನ ಬಿಡಲೇ ಪರಮ್ಯಾ. ಅಕಿ ಮಾಡಿಲ್ಲ. ನಾ ಮಾಡೀನಿ."

ಪರಮೇಶ ತಲೆ ಎತ್ತಿದ.

"ಬತ್ತಿ ಅಕಿದು. ಮಂತ್ರ ನಂದು. ನಿನ್ನೆ ನಿನ್ನ ಮುಂದೇ ಊದಿ ಕೊಟ್ಟೇನಿ. ನೋಡ್ಕೋತ ನಿಂತಿದ್ದಿ, ತಿಳೀಲಿಲ್ಲ ನಿನಗ."

ಹಾಗೆ ಅಂದವಳೇ ಗುಂಡಿ ಒತ್ತಿ ಆ ಸುಟ್ಟ ಬತ್ತಿಯ ಹೊಗೆಯನ್ನು ಎದೆ ತುಂಬ ಎಳೆದಳು. ಕಣ್ಣಲ್ಲಿ ನೀರು ಬಂತು, ಕೊರಳ ನರ ಉಬ್ಬಿದವು, ಕೆಮ್ಮಲಿಲ್ಲ. ಮೂಗಿನಿಂದ ನಿಧಾನಕ್ಕೆ ಏಜಾಜನ ಮುಖಕ್ಕೆ ಬಿಟ್ಟಳು. ಅವನ ಕೈಯಿಂದ ಇಕ್ಕಳ ಬಿತ್ತು. "ಯಾ ಅಲ್ಲಾ" ಅಂತ ಹಿಂದೆ ಸರಿದವನು ತಿರುಗಿ ಓಡಿಯೇಬಿಟ್ಟ. ಕಲ್ಲು ಹಿಡಿದವರು ಕಲ್ಲು ಕೆಳಗಿಟ್ಟರು.

"ನನ್ನ ಹಲ್ಲು ಕೀಳ್ತೀ? ಬಾ, ಕೀಳು," ಅಂದಳು ಫರಹೀನ. "ನಿನ್ನ ಎದ್ಯಾಗ ಕುಂತ ಹೊಗಿ ತೆಗ್ಯಾಕ ಈ ಬಾಯೇ ಬೇಕು. ನನ್ನ ಕೊಂದ್ರ ಅದು ನಿನ್ನ ಒಳಗೇ ಉಳೀತದ."

ಪರಮೇಶ ಮುದುಕಿಯ ಎದೆಯಿಂದ ಕಾಲು ತೆಗೆದ. ಅಷ್ಟು ದೊಡ್ಡ ಗಂಡಸು ರಸ್ತೆಯಲ್ಲಿ ಮೊಣಕಾಲೂರಿ ಅಳತೊಡಗಿದ. "ತೆಗೀಬೇ ಫರಹೀನಾ, ತಪ್ಪಾತು, ತೆಗಿ."

"ಈ ಪೆನ್ನು ಮತ್ತ ಬಾಯಿಗಿ ಹಚ್ಚಬ್ಯಾಡ. ಬಿಸಿನೀರು ಕುಡಿ. ಗಂಟಲು ಮಾಯ್ತದ. ಆದ್ರ ಈ ಆಯಿ ಮ್ಯಾಲ ನೀ ಆಗ್ಲಿ, ನಿನ್ನ ಮಂದಿ ಆಗ್ಲಿ ಕೈ ಎತ್ತಿದ್ದು ನನ್ನ ಕಿವಿಗಿ ಬಿತ್ತಂದ್ರ ಆ ಹೊಗಿ ಮತ್ತ ಏಳ್ತದ ನೋಡು."

ಅವನು ಜೀಪು ಹತ್ತಿ ಹೋದ. ಮಂದಿ ಕರಗಿತು. ಆಗ ಫರಹೀನ ಅಂಗಡಿಯ ಹಿಂದೆ ಹೋಗಿ, ಗೋಡೆ ಹಿಡಿದು, ಕರುಳು ಹೊರಬರುವ ಹಾಗೆ ಕೆಮ್ಮಿ ಕೆಮ್ಮಿ ವಾಂತಿ ಮಾಡಿದಳು. ಆಮೇಲೆ ನಾವಿಬ್ಬರೂ ಮುದುಕಿಯನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು. ದಾರಿಯಲ್ಲಿ ಫರಹೀನ ಕೈ ಹಿಡಿಯಲು ಹೋದರೆ ಹಣಮವ್ವ ಕೈ ಎಳೆದುಕೊಂಡಳು. ನೋವಿಗೆ ಹಾಗೆ ಮಾಡುತ್ತಾಳೆ ಅಂದುಕೊಂಡೆವು.

ನಾನು ಪೊಲೀಸರಿಗೆ ದೂರು ಕೊಟ್ಟೆ. ನೋಡಿದವರ ಹೆಸರು ಹೇಳು ಅಂದರು. ಹೇಳಿದೆ. ಆ ಹೆಸರಿನವರೆಲ್ಲ ಅವತ್ತು ಬೇರೆ ಊರಿಗೆ ಹೋಗಿದ್ದರಂತೆ, ಅವರ ಹೊಟ್ಟೆಗಿಷ್ಟು ಹುಳ ಬೀಳಲಿ. ಪರಮೇಶ ಬಿಸಿನೀರು ಕುಡಿದ, ಪೆನ್ನು ಬಿಟ್ಟ, ಗಂಟಲು ತಾನಾಗಿ ಮಾಯಿತು. ಊರಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಭಾನಾಮತಿ ಹಾಕಿದವಳೂ ಆಕೆಯೇ, ತೆಗೆದವಳೂ ಆಕೆಯೇ ಅಂತಾಯಿತು. ಮುದುಕಿಯನ್ನು ಯಾರೂ ಮುಟ್ಟಲಿಲ್ಲ, ನಿಜ. ಆದರೆ ಫರಹೀನಳ ಮೇಜಿಗೆ ಒಂದು ಫೋನೂ ಬರಲಿಲ್ಲ. ಆಕೆ ಮುಟ್ಟಿದ ಫೋನನ್ನು ಕಿವಿಗೆ ಹಚ್ಚಲು ಯಾರಿಗೆ ಧೈರ್ಯ? ಮಕ್ಕಳು ಅಂಗಡಿಯ ಮುಂದೆ ಓಡಿ ದಾಟುವರು. ಮುಖ ಮುಚ್ಚಿಕೊಂಡು ಒಬ್ಬಿಬ್ಬರು ಮಾಟ ಮಾಡಿಸಲು ಬಂದರು. ಒಬ್ಬಳಿಗೆ ಸವತಿಯ ಕಾಲು ಸ್ವಾಧೀನ ತಪ್ಪಬೇಕಿತ್ತು, ಇನ್ನೊಬ್ಬನಿಗೆ ಅಣ್ಣನ ಎತ್ತು ಸಾಯಬೇಕಿತ್ತು. ಫರಹೀನ ಸುತ್ತಿಗೆ ಬೀಸಿ ಒಗೆದಳು. ಎತ್ತಿನವನ ಕಿವಿ ಹರಿಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಗಾಯ ಮಾಯ್ದ ಮೇಲೆ ಹಣಮವ್ವ ಮತ್ತೆ ಊರಿಗೆ ಬಂದಳು. ನಮ್ಮ ಗೋಡೆಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಆಚೆ ಬದಿಗೆ, ಹಣ್ಣಿನ ಗಾಡಿಗಳ ಹಿಂದೆ ಕೂತಳು. ಕಟ್ಟಿದ ಭುಜ ಹೊತ್ತುಕೊಂಡು ನಾನೇ ಹೋದೆ.

"ಯವ್ವಾ, ಇಲ್ಲ್ಯಾಕ ಕುಂತೀದಿ? ಅಲ್ಲಿ ಫರಹೀನ ದಾರಿ ನೋಡಾಕತ್ಯಾಳ. ರೊಟ್ಟಿ ತಂದು ಇಟ್ಕೊಂಡು ಹಂಗೇ ಕುಂದರ್ತಾಳ."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುತ್ತ ನೋಡಿ ಪಿಸುಗುಟ್ಟಿದಳು: "ಅಕಿ ಹೆಸರು ತೆಗೀಬ್ಯಾಡ ತಮ್ಮಾ. ನನ್ನ ಇಬೂತಿ ದೇವರದು. ಅದರಾಗ ಅಕಿ ಏನೋ ಕೂಡ್ಸಿ ಊದಿದಳು, ನನ್ನ ಹಲ್ಲು ಹೋದ್ವು."

"ನಿನ್ನ ಜೀವ ಉಳಿಸ್ಯಾಳಲ್ಲಬೇ ಅಕಿ! ನಿನ್ನ ಸಲುವಾಗಿ ಸುಳ್ಳು ಹೇಳ್ಯಾಳ!" ಅಂತ ನಾನು ಕೂಗಾಡಿದೆ. ಹಣ್ಣಿನ ಗಾಡಿಯವರೆಲ್ಲ ತಿರುಗಿ ನೋಡಿದರು.

"ತನ್ನ ಬಾಯಿಲೇನೇ ಅಂದಾಳಲ್ಲೋ. ನಾನೇ ಕೇಳೀನಿ, ನೆಲದ ಮ್ಯಾಲ ಬಿದ್ದಾಗ." ಬುಟ್ಟಿಯಿಂದ ಒಂದು ನಿಂಬೆಹಣ್ಣು, ಒಂದು ತುಂಡು ಬೆಲ್ಲ ತೆಗೆದು ನನ್ನ ಅಂಗೈಗೆ ಒತ್ತಿದಳು. "ಅಕಿಗಿ ಕೊಡು. ಕೈ ಮುಗಿದಾಳ ಅಂತ ಹೇಳು. ನನ್ನ ಮ್ಯಾಲ ಇನ್ನ ಏನೂ ಮಾಡಬ್ಯಾಡ ಅನ್ನು."

ಹೊಡೆದವರಿಗೆ ಬೈಯಬಹುದು, ನಿಂತು ನೋಡಿದವರಿಗೆ ಬೈಯಬಹುದು. ಆ ಬೋಳು ವಸಡಿನ ಮುದುಕಿಗೆ ಬೈಯಲು ನನ್ನ ಬಾಯಿ ಏಳಲಿಲ್ಲ. ಬರುತ್ತಾ ನಿಂಬೆಹಣ್ಣನ್ನೂ ಬೆಲ್ಲವನ್ನೂ ನನ್ನ ಒಲೆಯ ಬೆಂಕಿಗೆ ಹಾಕಿದೆ.

ಫರಹೀನ ಖಾಲಿ ಮೇಜಿನ ಹಿಂದಿನಿಂದ ಕೇಳಿದಳು: "ಆಯಿ ಸಿಕ್ಕಿದ್ಳೇನ್ರಿ ಕಾಕಾ? ಉಣ್ಣಾಕ ಬರಾಕತ್ಯದೇನ ಅಕಿಗಿ?"

"ಬರ್ತದಬೇ," ಅಂದೆ. "ನಿನ್ನನ್ನೇ ಕೇಳ್ತಿದ್ದಳು."